ಕರೆದರೂ ಎಲ್ಕ್ ಬರುತ್ತಿಲ್ಲವೇ? ಬಿಲ್ಲುಬೇಟೆಗಾರರಿಗೆ ದೋಷ ನಿವಾರಣೆ ಕೈಪಿಡಿ

ಸೆಪ್ಟೆಂಬರ್ ಬಂತೆಂದರೆ ಅಮೆರಿಕದ ರಾಕಿ ಬೆಟ್ಟಗಳಲ್ಲಿ ಗಂಡು ಎಲ್ಕ್‌ಗಳು ಕೂಗಲು ಶುರು ಮಾಡುತ್ತವೆ. ಎಲ್ಕ್ ಎಂದರೆ ನಮ್ಮ ಕಡವೆಯಂಥ ದೊಡ್ಡ ಜಿಂಕೆ. ಗಂಡಿನ ಈ ಕೂಗಿಗೆ ಬ್ಯೂಗಲ್ ಎನ್ನುತ್ತಾರೆ. ಮುನ್ನೂರು ಕಿಲೋ ತೂಗುವ ಪ್ರಾಣಿಯ ಗಂಟಲಿನಿಂದ ಕೀರಲು ಸಿಳ್ಳೆ ಬರುತ್ತದೆ, ಅದರ ಜೊತೆಗೇ ಒಂದು ಗುರುಗುಡುವ ದನಿ. ರೈಫಲ್ ಹಿಡಿದವರು ಇನ್ನೂರು ಗಜ ದೂರದಿಂದ ಹೊಡೆಯಬಹುದು. ಬಿಲ್ಲು ಹಿಡಿದವರಿಗೆ ಅದು ಮೂವತ್ತು, ಹೆಚ್ಚೆಂದರೆ ನಲವತ್ತು ಗಜದೊಳಗೆ ಬರಬೇಕು. ಅದಕ್ಕೇ ಇಲ್ಲಿ ಕರೆಯುವ ವಿದ್ಯೆಗೆ ಇಷ್ಟು ಬೆಲೆ.

ಕರೆದರೂ ಬರದಿದ್ದಾಗ ಹೆಚ್ಚಿನವರು ಬೈಯುವುದು ತಮ್ಮ ಕೂಗನ್ನೇ. ಅಂಗಡಿಗೆ ಹೋಗಿ ಇನ್ನೊಂದು ಕಾಲ್, ಅಂದರೆ ಎಲ್ಕ್ ದನಿ ಹೊರಡಿಸುವ ಊದುವ ಸಾಧನ, ಕೊಂಡು ತರುತ್ತಾರೆ. ನನ್ನ ಪ್ರಕಾರ ಶಬ್ದವನ್ನು ಅನುಮಾನಿಸುವ ಸರದಿ ಬರುವುದು ತುಂಬಾ ಕೊನೆಗೆ. ಗಾಳಿ ಯಾವ ಕಡೆ ಇತ್ತು, ನೀವು ಎಲ್ಲಿ ಕೂತಿದ್ದಿರಿ, ಎಷ್ಟು ದೂರದಿಂದ ಕರೆದಿರಿ, ಇದನ್ನೆಲ್ಲ ಮೊದಲು ನೋಡಬೇಕು. ಎಲ್ಕ್ ಎಲ್ಲಿ ನಿಂತಿತು, ಯಾವ ಕಡೆ ತಿರುಗಿತು, ಹೋಗುವಾಗ ಸದ್ದು ಮಾಡಿತೋ ಇಲ್ಲವೋ ಎಂದು ನೆನಪಿಟ್ಟುಕೊಳ್ಳಿ. ದೋಷ ಯಾವುದೆಂದು ಅದೇ ಹೇಳುತ್ತದೆ.

ಇದು ಅಮೆರಿಕ, ಕೆನಡಾಗಳಲ್ಲಿ ಲೈಸೆನ್ಸ್ ತೆಗೆದುಕೊಂಡು ಬೇಟೆಗೆ ಹೋಗುವವರಿಗಾಗಿ ಬರೆದದ್ದು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ಅಪರಾಧ. ರಜೆಗೆ ಊರಿಗೆ ಹೋದಾಗ ನಾಗರಹೊಳೆಯ ಅಂಚಿನಲ್ಲಿ ನಿಂತು ಕಡವೆಯನ್ನು ಕರೆದು ನೋಡುವ ಹುಮ್ಮಸ್ಸು ಬೇಡವೇ ಬೇಡ. ಕೊಲೊರಾಡೊದಲ್ಲಿ 1949ರ ಜನವರಿ 1ರಂದು ಅಥವಾ ಅದರ ನಂತರ ಹುಟ್ಟಿದವರು ಲೈಸೆನ್ಸ್ ಕೊಳ್ಳಬೇಕಾದರೆ ಹಂಟರ್ ಎಜುಕೇಶನ್ ಎಂಬ ಬೇಟೆ ತರಬೇತಿ ಮುಗಿಸಿರಬೇಕು. ರೆಕಾರ್ಡ್ ಮಾಡಿದ ಕೂಗನ್ನು ಸ್ಪೀಕರಿನಲ್ಲಿ ಹಾಕುವುದು ಹಲವು ರಾಜ್ಯಗಳಲ್ಲಿ ಕಾನೂನುಬಾಹಿರ. ನಿಮ್ಮ ರಾಜ್ಯದ ಆ ವರ್ಷದ ನಿಯಮ ಪುಸ್ತಕ ಓದಿಕೊಳ್ಳಿ.

ಊದಿದರೆ ಬರೀ ಗಾಳಿ, ಶಬ್ದವೇ ಇಲ್ಲ

ಇಲ್ಲಿಂದ ಶುರು ಮಾಡೋಣ, ಇದು ಮನೆಯಲ್ಲೇ ಸರಿಯಾಗುವ ತೊಂದರೆ. ಹೆಚ್ಚಿನವರು ಬಳಸುವುದು ಡಯಾಫ್ರಮ್, ಅಂದರೆ ಬಾಯೊಳಗೆ ಅಂಗುಳಕ್ಕೆ ಒತ್ತಿ ಹಿಡಿಯುವ ಕಾಲ್. ಕುದುರೆಲಾಳದಂಥ ಚೌಕಟ್ಟು, ಅದರ ಮೇಲೆ ಎಳೆದು ಕಟ್ಟಿದ ತೆಳು ಲೇಟೆಕ್ಸ್ ಪೊರೆ, ಸುತ್ತಲೂ ಟೇಪ್. ಪೊರೆಗೆ ರೀಡ್ ಎನ್ನುತ್ತಾರೆ.

ಮೊದಲು ದಿಕ್ಕು ನೋಡಿ. ಚೌಕಟ್ಟಿನ ತೆರೆದ ಬದಿ ಹಲ್ಲಿನ ಕಡೆಗೆ, ದುಂಡು ಬದಿ ಗಂಟಲಿನ ಕಡೆಗೆ ಇರಬೇಕು. ಯಾವುದು ಮೇಲು, ಯಾವುದು ಕೆಳಗು ಎಂದು ಪ್ಯಾಕೆಟ್ ಮೇಲೆ ಬರೆದಿರುತ್ತದೆ. ಆಮೇಲೆ ರೀಡ್‌ಗಳು ಒಂದಕ್ಕೊಂದು ಅಂಟಿಕೊಂಡಿವೆಯೇ ನೋಡಿ. ಎರಡು ಮೂರು ಪದರ ಇರುವ ಕಾಲ್‌ಗಳಲ್ಲಿ ಎಂಜಲು ಒಣಗಿದಾಗ ಹೀಗಾಗುತ್ತದೆ. ಒಂದು ನಿಮಿಷ ಬಾಯಲ್ಲಿ ನೆನೆಸಿ, ಹಲ್ಲುಕಡ್ಡಿಯಿಂದ ಮೆಲ್ಲಗೆ ಬಿಡಿಸಿ. ಲೇಟೆಕ್ಸ್ ಸುಕ್ಕಾಗಿದ್ದರೆ ಅಥವಾ ಅಂಚು ಹರಿದಿದ್ದರೆ ಅದರ ಆಯುಷ್ಯ ಮುಗಿದಿದೆ, ಬಿಸಾಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟರೆ ಹೊಸದೂ ಬೇಗ ಹಾಳಾಗುತ್ತದೆ. ತೊಳೆದು ಒಣಗಿಸಿ, ಪದರಗಳ ನಡುವೆ ತೆಳು ಪ್ಲಾಸ್ಟಿಕ್ ತುಂಡು ಸಿಕ್ಕಿಸಿ ಫ್ರಿಜ್‌ನಲ್ಲಿಡಿ.

ಕಾಲ್ ಚೆನ್ನಾಗಿಯೇ ಇದ್ದು ಬರೀ ಗಾಳಿ ಬರುತ್ತಿದ್ದರೆ, ಬದಿಗಳಿಂದ ಗಾಳಿ ಸೋರುತ್ತಿದೆ ಎಂದರ್ಥ. ಟೇಪಿನ ಅಂಚು ಅಂಗುಳಕ್ಕೆ ಪೂರ್ತಿ ಕೂರಬೇಕು. ಚೌಕಟ್ಟನ್ನು ಬೆರಳಲ್ಲಿ ಸ್ವಲ್ಪ ಬಗ್ಗಿಸಿ ಅಂಗುಳದ ಆಕಾರಕ್ಕೆ ತನ್ನಿ. ಓಕರಿಕೆ ಬರುತ್ತಿದ್ದರೆ ಹಿಂಬದಿಯ ಟೇಪನ್ನು ಕತ್ತರಿಯಿಂದ ಒಂದಿಷ್ಟೇ ಕತ್ತರಿಸಿ. ಅಷ್ಟಾದರೂ ಓಕರಿಕೆ ನಿಲ್ಲದಿದ್ದರೆ ಹಟ ಬೇಡ. ತುಟಿಗಳ ನಡುವೆ ಕಚ್ಚಿ ಊದುವ ಕಾಲ್‌ಗಳಿವೆ, ಹೆಣ್ಣು ಎಲ್ಕ್ ದನಿಗೆ ಅವು ಧಾರಾಳ ಸಾಕು. ಅವುಗಳ ಒಂದೇ ಕೊರತೆ ಏನೆಂದರೆ ಬಿಲ್ಲು ಎಳೆಯುವಾಗ ಕೈ ಖಾಲಿ ಇರುವುದಿಲ್ಲ. ಲೇಟೆಕ್ಸ್ ಅಲರ್ಜಿ ಇರುವವರು ಡಯಾಫ್ರಮ್ ಮುಟ್ಟಲೇಬೇಡಿ. ತುಟಿ, ನಾಲಿಗೆ ತುರಿಸಿದರೆ ಅಥವಾ ಊದಿಕೊಂಡರೆ ತಕ್ಷಣ ಉಗಿದು ವೈದ್ಯರ ಹತ್ತಿರ ಹೋಗಿ.

ಶಬ್ದ ಬರುತ್ತದೆ, ಆದರೆ ಜಾತ್ರೆ ಪೀಪಿ ಥರ ಇದೆ

ಹೆಣ್ಣಿನ ಕೂಗಿಗೆ ಮ್ಯೂ ಎನ್ನುತ್ತಾರೆ. ಅದು ಎತ್ತರದಲ್ಲಿ ಶುರುವಾಗಿ ಕೆಳಕ್ಕೆ ಜಾರುತ್ತದೆ. ಒಂದು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಕೀರಲಾಗಿಯೇ ಉಳಿದರೆ ನಾಲಿಗೆಯ ಒತ್ತಡ ಸಡಿಲವಾಗುತ್ತಿಲ್ಲ ಎಂದರ್ಥ. ನಾಲಿಗೆ ಒತ್ತಿ ಶುರು ಮಾಡಿ, ದವಡೆ ಬಿಡುತ್ತಾ ಮುಗಿಸಿ. ಗಾಳಿ ಜೋರು ಮಾಡಬೇಕಿಲ್ಲ. ಹೊಸಬರು ಕೆನ್ನೆ ಉಬ್ಬಿಸಿ ಊದುತ್ತಾರೆ. ಗಾಳಿ ಬರಬೇಕಾದದ್ದು ಹೊಟ್ಟೆಯಿಂದ.

ಬ್ಯೂಗಲ್ ನಡುವೆ ಒಡೆಯುತ್ತಿದ್ದರೆ ಕಾರಣ ಸಾಮಾನ್ಯವಾಗಿ ಉಸಿರು. ಮನೆಯ ಗ್ಯಾರೇಜಿನಲ್ಲಿ ಚೆಂದ ಬರುತ್ತಿದ್ದದ್ದು ಮೂರು ಸಾವಿರ ಮೀಟರ್ ಎತ್ತರದಲ್ಲಿ, ಏರು ಹತ್ತಿ ಏದುಸಿರು ಬಿಡುತ್ತಿರುವಾಗ ಬರುವುದಿಲ್ಲ, ಅಲ್ವಾ? ಎರಡು ನಿಮಿಷ ಕೂತು ಸುಧಾರಿಸಿಕೊಂಡು ಆಮೇಲೆ ಕೂಗಿ. ಬ್ಯೂಗಲ್‌ಗೆ ಉದ್ದದ ಪ್ಲಾಸ್ಟಿಕ್ ಟ್ಯೂಬ್ ಬೇಕು. ಅದಿಲ್ಲದೆ ದನಿ ತೆಳ್ಳಗೆ ಕೇಳುತ್ತದೆ.

ಪರೀಕ್ಷೆಗೆ ಬಿಟ್ಟಿ ಉಪಾಯ ಒಂದಿದೆ. ಫೋನನ್ನು ರೆಕಾರ್ಡಿಂಗ್‌ಗೆ ಹಾಕಿ ಐವತ್ತು ಗಜ ಆಚೆ ಇಟ್ಟು ಕೂಗಿ. ಎಲುಬಿನ ಮೂಲಕ ನಮ್ಮ ಕಿವಿಗೆ ಬರುವ ದನಿ ಬೇರೆ, ಆಚೆ ಕೇಳುವ ದನಿ ಬೇರೆ. ಇಲ್ಲಿ ಅಚ್ಚುಕಟ್ಟಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ರಾಕಿ ಮೌಂಟನ್ ಎಲ್ಕ್ ಫೌಂಡೇಶನ್ ಎಲ್ಕ್ ಕೂಗಿನ ವಿಶ್ವ ಸ್ಪರ್ಧೆ ನಡೆಸುತ್ತದೆ. ಆ ವೇದಿಕೆಯ ಮೇಲೆ ನಿಜವಾದ ಎಲ್ಕ್‌ಗಳನ್ನು ನಿಲ್ಲಿಸಿದರೆ ಅರ್ಧಕ್ಕರ್ಧ ಮೊದಲ ಸುತ್ತಲ್ಲೇ ಸೋಲುತ್ತವೆ ಎನ್ನುವುದು ನನ್ನ ಅನುಮಾನ. ಕಾಡಿನಲ್ಲಿ ಅಷ್ಟು ಅಪಸ್ವರದ ಬ್ಯೂಗಲ್‌ಗಳು ಕೇಳಿಸುತ್ತವೆ.

ಅಸಲಿ ದನಿ ಕೇಳಬೇಕಾದರೆ ಸೆಪ್ಟೆಂಬರ್ ಸಂಜೆ ಕೊಲೊರಾಡೊದ ಪಟ್ಟಣ ಎಸ್ಟೆಸ್ ಪಾರ್ಕ್‌ಗೆ ಹೋಗಿ. ಡೆನ್ವರ್ ಕಡೆಯ ಕನ್ನಡ ಕುಟುಂಬಗಳು ಹೇಗೂ ಮಕ್ಕಳನ್ನು ಕಟ್ಟಿಕೊಂಡು ಅಲ್ಲಿಗೆ ಹೋಗುತ್ತವೆ. ಪಕ್ಕದ ರಾಕಿ ಮೌಂಟನ್ ನ್ಯಾಷನಲ್ ಪಾರ್ಕ್ ಒಳಗೆ ಮಾತ್ರ ಕಾಲ್ ಜೇಬಿನಲ್ಲೇ ಇರಲಿ. ಅಲ್ಲಿ ಬೇಟೆಯೂ ಇಲ್ಲ, ಪ್ರಾಣಿಗಳನ್ನು ಕೂಗಿ ಕರೆಯುವುದೂ ನಿಷಿದ್ಧ.

ಕಾಡಿಗೆ ಕಾಡೇ ಮೌನ

ಕೂಗಿದಿರಿ, ಉತ್ತರವಿಲ್ಲ. ಮೊದಲ ಪ್ರಶ್ನೆ: ಅಲ್ಲಿ ಎಲ್ಕ್ ಇದೆಯೇ? ಸುಮ್ನೆ ಕೇಳುವ ಪ್ರಶ್ನೆಯಲ್ಲ ಇದು. ಒದ್ದೆಯಾಗಿ ಹೊಳೆಯುವ ಹಿಕ್ಕೆ, ಕೊಂಬು ಉಜ್ಜಿ ತೊಗಟೆ ಕಿತ್ತ ಮರ, ಕೆಸರು ಕಲಕಿದ ಹೊಂಡ, ಮೂಗಿಗೆ ಹೊಡೆಯುವ ಕೊಟ್ಟಿಗೆಯಂಥ ಘಾಟು, ಇವೆಲ್ಲ ಹೊಸದಾಗಿದ್ದರೆ ಇದೆ. ಇಲ್ಲದಿದ್ದರೆ ಕೂಗಿ ಪ್ರಯೋಜನವಿಲ್ಲ, ಜಾಗ ಬದಲಿಸಿ.

ಎರಡನೆಯದು ದಿನಾಂಕ. ಸೆಪ್ಟೆಂಬರ್ ಮೊದಲ ವಾರದಲ್ಲಿ ಗಂಡುಗಳು ಆಗೊಮ್ಮೆ ಈಗೊಮ್ಮೆ ಕೂಗುತ್ತವೆ. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ದಿನಗಳವರೆಗೆ ಬೆದೆ ಜೋರಾಗಿರುತ್ತದೆ. ಹೊತ್ತೂ ಮುಖ್ಯ. ಬೆಳಕು ಹರಿಯುವಾಗ ಮತ್ತು ಕತ್ತಲಾಗುವಾಗ ದನಿ ಜಾಸ್ತಿ, ಬಿಸಿಲೇರಿದ ಮಧ್ಯಾಹ್ನ ಕಮ್ಮಿ.

ಮೂರನೆಯದನ್ನು ಎಷ್ಟೋ ಜನ ಮರೆಯುತ್ತಾರೆ. ಮೌನವಾಗಿದ್ದ ಮಾತ್ರಕ್ಕೆ ಬರುತ್ತಿಲ್ಲ ಎಂದಲ್ಲ. ಎಳೆಯ ಗಂಡುಗಳು ಹಿಂಡಿನ ಯಜಮಾನ ಗಂಡಿನ ಏಟಿಗೆ ಹೆದರಿ ಸದ್ದಿಲ್ಲದೆ ಬರುತ್ತವೆ. ಕರೆದ ಜಾಗದಲ್ಲಿ ಕನಿಷ್ಠ ಅರ್ಧ ಗಂಟೆ ಕೂರಿ. ಎದ್ದು ನಿಂತು ಬ್ಯಾಗ್ ಹೆಗಲಿಗೇರಿಸುವಾಗಲೇ ಮರದ ಸಂದಿಯಲ್ಲಿ ಕಂದು ಮೈ ಕಂಡು ಓಡಿಹೋಗುವುದು ಇಲ್ಲಿ ದಿನನಿತ್ಯದ ಕಥೆ. ಜನ ಜಾಸ್ತಿ ಓಡಾಡುವ ಸರ್ಕಾರಿ ಕಾಡುಗಳಲ್ಲಿ ಬ್ಯೂಗಲ್ ಕಡಿಮೆ ಮಾಡಿ. ಎರಡು ಮೂರು ಮೆಲುದನಿಯ ಮ್ಯೂ, ಪಾದದಡಿ ಒಂದೆರಡು ಕಡ್ಡಿ ಮುರಿದ ಸದ್ದು, ಅಷ್ಟೇ ಸಾಕು.

ಬಂತು, ಸುತ್ತು ಹಾಕಿತು, ಸದ್ದಿಲ್ಲದೆ ಮಾಯವಾಯಿತು

ಇದು ಗಾಳಿ. ಹೆಚ್ಚು ಯೋಚಿಸಬೇಕಾಗಿಲ್ಲ. ಎಲ್ಕ್ ಕಣ್ಣಿಗೆ ಕಂಡದ್ದನ್ನು ನಿಂತು ಇನ್ನೊಮ್ಮೆ ನೋಡುತ್ತದೆ, ಕೇಳಿದ್ದನ್ನು ಅನುಮಾನಿಸುತ್ತದೆ. ಮೂಗಿಗೆ ಮನುಷ್ಯನ ವಾಸನೆ ಬಡಿದರೆ ಮಾತ್ರ ಎರಡನೇ ಯೋಚನೆ ಇಲ್ಲ, ನೇರ ತಿರುಗಿ ಓಟ. ಕೂಗಿದ ಪ್ರಾಣಿಯ ವಾಸನೆ ಹಿಡಿಯಲು ಗಂಡು ಗಾಳಿಯ ಕೆಳಬದಿಗೆ, ಅಂದರೆ ಗಾಳಿ ಬೀಸಿ ಹೋಗುವ ಕಡೆಗೆ, ಸುತ್ತು ಹಾಕುವುದೂ ಮಾಮೂಲು.

ಟಾಲ್ಕಮ್ ಪುಡಿ ತುಂಬಿದ ಪುಟ್ಟ ಬಾಟಲಿ ಇಟ್ಟುಕೊಳ್ಳಿ. ಹಿಚುಕಿದರೆ ಪುಡಿ ಹೋಗುವ ದಿಕ್ಕು ಕಾಣುತ್ತದೆ. ಕಿಟ್‌ನಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ಉಪಯೋಗದ ವಸ್ತು ಇನ್ನೊಂದಿಲ್ಲ. ಬೆಟ್ಟದ ಗಾಳಿಗೆ ದಿನಚರಿ ಇದೆ. ರಾತ್ರಿ ತಣಿದ ಗಾಳಿ ಬೆಳಗಿನ ಜಾವ ಇಳಿಜಾರಿನಲ್ಲಿ ಕೆಳಕ್ಕೆ ಹರಿಯುತ್ತದೆ. ಬಿಸಿಲು ಬಿದ್ದು ನೆಲ ಕಾದ ಮೇಲೆ ಮೇಲಕ್ಕೆ ಏರುತ್ತದೆ. ಸಂಜೆ ನೆರಳು ಬಿದ್ದಾಗ ಮತ್ತೆ ಕೆಳಕ್ಕೆ. ಹಾಗಾಗಿ ಮುಂಜಾನೆ ಎಲ್ಕ್‌ಗಿಂತ ಕೆಳಗಿನಿಂದ, ಹಗಲು ಅದೇ ಎತ್ತರದಿಂದ ಅಥವಾ ಮೇಲಿನಿಂದ ಹೋಗಬೇಕು. ಬೆಳಿಗ್ಗೆ ಗಾಳಿ ದಿಕ್ಕು ಬದಲಿಸುವ ಹೊತ್ತೇ ಕೆಟ್ಟದ್ದು. ಪುಡಿ ಒಮ್ಮೆ ಮುಖಕ್ಕೆ, ಒಮ್ಮೆ ಬೆನ್ನಿಗೆ ಹಾರುತ್ತಿದ್ದರೆ ಕರೆಯಬೇಡಿ, ಗಾಳಿ ಒಂದೇ ದಿಕ್ಕಿಗೆ ನೆಲೆಗೊಳ್ಳುವವರೆಗೆ ಕಾಯಿರಿ. ಹಳ್ಳದ ತಳದಲ್ಲಿ ಗಾಳಿ ಯಾವಾಗಲೂ ಸುಳಿಯುತ್ತದೆ, ಅಲ್ಲಿ ಕೂರಲೇಬೇಡಿ. ವಾಸನೆ ಅಡಗಿಸುವ ಸ್ಪ್ರೇಗಳಿಗೆ ಹಣ ಸುರಿಯುವುದನ್ನು ನಾನಂತೂ ಯಾರಿಗೂ ಹೇಳುವುದಿಲ್ಲ. ಬೆವರಿದ ಮನುಷ್ಯ ಬೆವರಿದ ಮನುಷ್ಯನೇ.

ಉತ್ತರ ಕೊಡುತ್ತಲೇ ಇದೆ, ಜಾಗ ಬಿಟ್ಟು ಕದಲುವುದಿಲ್ಲ

ಪ್ರತಿ ಉತ್ತರ ಬಂದಾಗಲೂ ದನಿ ಎಲ್ಲಿಂದ ಬಂತು ಎಂದು ನೋಡಿ. ಒಂದೇ ಕಡೆಯಿಂದ, ಸೋಮಾರಿ ದನಿಯಲ್ಲಿ ಬರುತ್ತಿದ್ದರೆ ಅದು ಮಲಗಿದೆ. ಮಲಗಿದ ಗಂಡು ಇನ್ನೂರು ಗಜ ದೂರದ ಕೂಗಿಗೆ ಎದ್ದು ಬರುವುದು ಅಪರೂಪ.

ದನಿ ದೂರ ಸರಿಯುತ್ತಿದ್ದರೆ ಅದು ಹಿಂಡಿನ ಯಜಮಾನ. ಅದರ ಹತ್ತಿರ ಹೆಣ್ಣುಗಳಿವೆ. ನಿಮ್ಮ ಬ್ಯೂಗಲ್ ಕೇಳಿ ಅದು ಪೈಪೋಟಿಗೆ ಬರುವುದಿಲ್ಲ. ಇದ್ದ ಹೆಣ್ಣುಗಳನ್ನು ಒಟ್ಟು ಮಾಡಿ ಅಟ್ಟಿಕೊಂಡು ಹೋಗುತ್ತದೆ. ಅದರ ಲೆಕ್ಕ ಸರಿಯೇ. ಒಂದು ಹೆಣ್ಣು ಬೆದೆಯಲ್ಲಿರುವುದು ಒಂದು ದಿನಕ್ಕಿಂತ ಕಡಿಮೆ ಹೊತ್ತು, ತಪ್ಪಿದರೆ ಮತ್ತೆ ಮೂರು ವಾರ ಕಾಯಬೇಕು. ಕೈಲಿರುವುದನ್ನು ಬಿಟ್ಟು ಕಾಣದ ಹೆಣ್ಣಿನ ಹಿಂದೆ ಯಾಕೆ ಬರಬೇಕು?

ಇಲ್ಲಿ ಹೆಚ್ಚಿನವರು ಮಾಡುವುದು ಇನ್ನೂ ಜೋರಾಗಿ ಕೂಗುವುದು. ಬೇಕಾದದ್ದು ದೂರ ಕಡಿಮೆ ಮಾಡುವುದು. ಬಾಯಿ ಮುಚ್ಚಿ, ಗಾಳಿ ನೋಡಿಕೊಂಡು ಹಿಂಡಿನಿಂದ ನೂರು ಗಜದೊಳಗೆ ಸೇರಿ. ಯಜಮಾನನೇ ಕೂಗುತ್ತಾ ತಾನಿರುವ ಜಾಗ ಹೇಳುತ್ತಿರುತ್ತದೆ, ನೀವು ಕೂಗುವ ಅಗತ್ಯವೇ ಇಲ್ಲ. ಅಷ್ಟು ಹತ್ತಿರ ಹೋದ ಮೇಲೆ ಎರಡು ದಾರಿ. ಒಂದು, ಒಂದೇ ಒಂದು ಮ್ಯೂ. ತನ್ನ ಹಿಂಡಿನ ಹೆಣ್ಣೊಂದು ದಾರಿ ತಪ್ಪಿದೆ ಎಂದು ಅಟ್ಟಿ ತರಲು ಬರಬಹುದು. ಇನ್ನೊಂದು, ಅದು ಬ್ಯೂಗಲ್ ಮಾಡುತ್ತಿರುವಾಗಲೇ ಅಡ್ಡಬಾಯಿ ಹಾಕಿ ಗಿಡ್ಡ, ಒರಟು ಬ್ಯೂಗಲ್ ಮಾಡುವುದು. ದಪ್ಪ ಕೋಲಿನಿಂದ ಮರವನ್ನು ಬಡಿದು ಉಜ್ಜಿ. ತನ್ನ ಹೆಣ್ಣುಗಳ ಮಧ್ಯೆ ನುಗ್ಗಿದವನನ್ನು ಅದು ಸಹಿಸುವುದಿಲ್ಲ. ಇನ್ನೂರೈವತ್ತು ಗಜದಿಂದ ಇದೇ ಬ್ಯೂಗಲ್ ಮಾಡಿದರೆ ಅದು ಹಿಂಡನ್ನು ಇನ್ನಷ್ಟು ದೂರ ಅಟ್ಟುತ್ತದೆ. ಶಬ್ದ ಒಂದೇ, ಫಲ ತದ್ವಿರುದ್ಧ. ದೋಷ ಕಾಲ್‌ನಲ್ಲಿಲ್ಲ ಎಂದು ನಾನು ಪದೇ ಪದೇ ಹೇಳುವುದು ಇದಕ್ಕೇ.

ಎಪ್ಪತ್ತು ಗಜದಲ್ಲಿ ನಿಂತುಬಿಡುತ್ತದೆ

ಬಿಲ್ಲುಬೇಟೆಗಾರರನ್ನು ಅತಿ ಹೆಚ್ಚು ಕಾಡುವ ತೊಂದರೆ ಇದು. ಹ್ಯಾಂಗ್ ಅಪ್ ಎನ್ನುತ್ತಾರೆ. ಗಂಡು ಬಿರುಸಾಗಿ ಬರುತ್ತದೆ, ಬಾಣದ ಅಳತೆಯಿಂದ ಆಚೆಗೇ ನಿಲ್ಲುತ್ತದೆ, ಹತ್ತು ನಿಮಿಷ ದಿಟ್ಟಿಸುತ್ತದೆ, ಹೊರಟುಹೋಗುತ್ತದೆ.

ಇದರ ಕಾರಣ ಸರಳ. ಕೂಗಿದ ಜಾಗ ಎಲ್ಲಿಂದ ಮೊದಲು ಕಾಣುತ್ತದೋ ಅಲ್ಲಿ ಅದು ನಿಲ್ಲುತ್ತದೆ. ಹೆಣ್ಣು ಅಲ್ಲಿರಬೇಕಿತ್ತು, ಕಾಣುತ್ತಿಲ್ಲ. ಗಂಡು ಕೂಗಿದರೆ ಹೆಣ್ಣು ತಾನೇ ಹತ್ತಿರ ಹೋಗುವುದೂ ಉಂಟು. ಹಾಗಾಗಿ ಇನ್ನು ಬರುವ ಸರದಿ ಅವಳದ್ದು ಎಂದು ಅದು ಕಾಯುತ್ತದೆ.

ಪರಿಹಾರ ಕೂರುವ ಜಾಗದಲ್ಲಿದೆ. ಬಯಲಿನ ಅಂಚಿನಲ್ಲಿ ಕೂತು ಕರೆಯಬೇಡಿ. ನಿಮಗೆ ನೂರು ಗಜ ಚೆನ್ನಾಗಿ ಕಾಣುತ್ತಿದ್ದರೆ ಅದಕ್ಕೂ ಕಾಣುತ್ತದೆ. ದಿಬ್ಬದ ತಿರುವು, ಎಳೆ ಫರ್ ಮರಗಳ ಗುಂಪು, ಬಿದ್ದ ದಿಮ್ಮಿಗಳ ಹಿಂದೆ ಹೀಗೆ ಕೂರಬೇಕು: ಅದು ನಿಮ್ಮನ್ನು ನೋಡಲು ಬಂದು ನಿಲ್ಲುವ ಜಾಗವೇ ಮೂವತ್ತು ಗಜದೊಳಗೆ ಬೀಳಬೇಕು. ನಾನು ಜಾಗ ಹುಡುಕುವಾಗ ಮೊದಲು ನೋಡುವುದು ಇದನ್ನೇ, ಬಾಣ ಬಿಡಲು ಸಂದಿ ಇದೆಯೇ ಎಂಬುದು ಆಮೇಲೆ.

ಇಬ್ಬರಿದ್ದರೆ ಕೆಲಸ ಸುಲಭ. ಬಿಲ್ಲು ಹಿಡಿದವರು ಮುಂದೆ, ಕೂಗುವವರು ನಲವತ್ತರಿಂದ ಅರವತ್ತು ಗಜ ಹಿಂದೆ. ಗಂಡು ಕೂಗಿನಿಂದ ಎಪ್ಪತ್ತು ಗಜದಲ್ಲಿ ನಿಂತರೂ ಬಿಲ್ಲಿಗೆ ಹತ್ತಿರವೇ ಇರುತ್ತದೆ. ಬಿಲ್ಲುಗಾರರು ನೇರ ಗೆರೆಯಲ್ಲಿ ಕೂರದೆ ಗಾಳಿಯ ಕೆಳಬದಿಗೆ ಸ್ವಲ್ಪ ಸರಿದು ಕೂರಲಿ, ಸುತ್ತು ಹಾಕುವುದು ಆ ಕಡೆಯಿಂದಲೇ. ಪೊದೆಯ ಹಿಂದೆ ಅಡಗಬೇಡಿ, ಪೊದೆಗೆ ಬೆನ್ನು ಕೊಟ್ಟು ಮುಂದೆ ಕೂರಿ. ಹಿಂದೆ ಕೂತರೆ ಬಾಣಕ್ಕೆ ದಾರಿ ಇರುವುದಿಲ್ಲ. ಕೂಗುವವರು ಒಂದೇ ಕಡೆ ನಿಲ್ಲದೆ ಅತ್ತಿತ್ತ ಓಡಾಡಲಿ. ಗಂಡು ನಿಂತಾಗ ಹಿಂದಕ್ಕೆ ಸರಿಯುತ್ತಾ ಮ್ಯೂ ಮಾಡಿದರೆ ಹೆಣ್ಣು ಹೊರಟುಹೋಗುತ್ತಿದೆ ಎಂದು ಹಿಂಬಾಲಿಸಬಹುದು.

ಒಬ್ಬರೇ ಇದ್ದರೆ ಟ್ಯೂಬಿನ ಬಾಯಿ ಹಿಂದಕ್ಕೆ ತಿರುಗಿಸಿ ಕೂಗಿ, ಶಬ್ದ ದೂರದಿಂದ ಬಂದಂತಿರುತ್ತದೆ. ಅದು ನಿಮ್ಮ ಕಡೆಗೆ ಹೊರಟಿದೆ ಎಂದು ಗೊತ್ತಾದ ಕೂಡಲೇ ಇಪ್ಪತ್ತು ಮೂವತ್ತು ಗಜ ಮುಂದಕ್ಕೆ ಸರಿದು ಸುಮ್ಮನಾಗಿ. ಅದರ ತಲೆ ಮರದ ಹಿಂದೆ ಮರೆಯಾದಾಗ ಮಾತ್ರ ಬಿಲ್ಲು ಎಳೆಯಿರಿ. ನಡೆಯುತ್ತಿದ್ದರೆ ಒಂದು ಗಿಡ್ಡ ಮ್ಯೂ ಅದನ್ನು ನಿಲ್ಲಿಸುತ್ತದೆ. ಎದೆ ನಿಮಗೆ ನೇರ ಎದುರಾಗಿದ್ದರೆ ಕಾಯಿರಿ. ಅಡ್ಡ ನಿಲ್ಲಬೇಕು, ಇಲ್ಲವೇ ಸ್ವಲ್ಪ ಆಚೆಗೆ ತಿರುಗಿರಬೇಕು. ಅದು ಸಿಗದಿದ್ದರೆ ಬಾಣ ಬಿಡಬೇಡಿ. ಗಾಯಗೊಂಡು ಸಿಗದೆ ಹೋಗುವುದಕ್ಕಿಂತ ಸುಮ್ಮನೆ ಹೋಗುವುದೇ ವಾಸಿ.

ಒಂದೇ ಸಲ ನಾಯಿಯಂತೆ ಬೊಗಳಿತು

ಅದು ಬಾರ್ಕ್, ಎಚ್ಚರಿಕೆಯ ಸದ್ದು. ಏನೋ ಕಂಡಿದೆ, ಏನೆಂದು ತಿಳಿದಿಲ್ಲ. ವಾಸನೆ ಸಿಕ್ಕಿದ್ದರೆ ಬೊಗಳುತ್ತಾ ನಿಲ್ಲುತ್ತಿರಲಿಲ್ಲ. ಅಲುಗಾಡಬೇಡಿ, ಮೆಲ್ಲಗೆ ಒಂದು ಮ್ಯೂ ಮಾಡಿ. ಕೆಲವೊಮ್ಮೆ ಸಮಾಧಾನವಾಗುತ್ತದೆ. ಬೊಗಳುತ್ತಾ ದೂರ ಹೋಗುತ್ತಿದ್ದರೆ ಆ ಹಿಂಡಿನ ಮಟ್ಟಿಗೆ ಆ ದಿನದ ಆಟ ಮುಗಿಯಿತು. ಅಟ್ಟಿಸಿಕೊಂಡು ಹೋದರೆ ಪಕ್ಕದ ಕಣಿವೆಗೇ ಓಡಿಸಿಬಿಡುತ್ತೀರಿ.

ಉತ್ತರ ತುಂಬಾ ಚೆನ್ನಾಗಿದೆ, ಅನುಮಾನ ಬರುವಷ್ಟು

ಪ್ರತಿ ಸಲ ಒಂದೇ ತೆರನಾದ ಬ್ಯೂಗಲ್, ಕೂಗಿದ ತಕ್ಷಣ ಉತ್ತರ, ಹೆಜ್ಜೆಯ ಸದ್ದಿಲ್ಲ, ದನಿ ಬರುವುದು ದಾರಿಯ ಕಡೆಯಿಂದ. ಹಾಗಿದ್ದರೆ ಅದು ಇನ್ನೊಬ್ಬ ಬೇಟೆಗಾರ. ಕಾಣದ ದನಿಯ ಕಡೆಗೆ ನುಸುಳುವಾಗ ಇದು ಸದಾ ನೆನಪಿರಲಿ. ಮನುಷ್ಯ ಎಂಬ ಅನುಮಾನ ಬಂದ ಕೂಡಲೇ ಎಲ್ಕ್ ದನಿ ನಿಲ್ಲಿಸಿ, ಜೋರಾಗಿ ಮನುಷ್ಯರ ದನಿಯಲ್ಲಿ ಮಾತಾಡಿ. ಕೊಲೊರಾಡೊದಲ್ಲಿ ಸೆಪ್ಟೆಂಬರ್ ನಡುವೆ, ನಳಿಗೆಯ ಬಾಯಿಂದ ಮದ್ದು ತುಂಬುವ ಮಜಲ್‌ಲೋಡರ್ ಬಂದೂಕಿನವರೂ ಅದೇ ಕಾಡಿನಲ್ಲಿರುತ್ತಾರೆ. ನಡೆದಾಡುವಾಗ ಕಿತ್ತಳೆ ಬಣ್ಣದ ಟೋಪಿ ಹಾಕಿಕೊಳ್ಳಿ.

ಕೂಗು ನಿಲ್ಲಿಸಿ ವಾಪಸಾಗಬೇಕಾದ ಹೊತ್ತು

ಮೊಂಟಾನಾ, ವಾಯವ್ಯ ವಯೋಮಿಂಗ್, ಐಡಾಹೊದ ಕೆಲವು ಭಾಗಗಳಲ್ಲಿ ಗ್ರಿಜ್ಲಿ ಕರಡಿ ಇದೆ. ಕರಡಿ ಇರುವ ಕಾಡಿನಲ್ಲಿ ಸದ್ದು ಮಾಡುತ್ತಾ ಗುಂಪಾಗಿ ನಡೆಯಿರಿ ಎನ್ನುತ್ತಾರೆ. ನಾವು ಮಾಡುವುದು ಪೂರ್ತಿ ಉಲ್ಟಾ: ಬಣ್ಣ ಮರೆಸಿಕೊಂಡು, ಉಸಿರು ಬಿಗಿಹಿಡಿದು, ಮುಂಜಾನೆ ಕತ್ತಲಲ್ಲಿ, ಅದರ ಊಟದ ದನಿಯಲ್ಲೇ ಕೂಗುತ್ತೇವೆ. ಕರಡಿಯನ್ನು ಓಡಿಸುವ ಖಾರದ ಬೇರ್ ಸ್ಪ್ರೇ ಬ್ಯಾಗಿನೊಳಗಲ್ಲ, ಸೊಂಟದಲ್ಲಿರಬೇಕು. ಕರಡಿ ಕಂಡರೆ ಕೂಗು ನಿಲ್ಲಿಸಿ, ಮಾತಾಡುತ್ತಾ ಹಿಂದಕ್ಕೆ ಸರಿಯಿರಿ, ಓಡಬೇಡಿ. ಹೊಡೆದ ಎಲ್ಕ್ ಮೇಲೆ ಗ್ರಿಜ್ಲಿ ಕೂತಿದ್ದರೆ ಮಾಂಸದ ಆಸೆ ಬಿಟ್ಟು ರಾಜ್ಯದ ವನ್ಯಜೀವಿ ಇಲಾಖೆಗೆ ಫೋನ್ ಮಾಡಿ.

ತಲೆನೋವಿನ ಜೊತೆ ವಾಕರಿಕೆ ಶುರುವಾದರೆ ಅದು ಎತ್ತರದ ಕಾಯಿಲೆ ಇರಬಹುದು. ಸಮುದ್ರಮಟ್ಟದ ಊರುಗಳಿಂದ ನೇರ ಬಂದು ಬೆಟ್ಟ ಹತ್ತಿದವರಿಗೆ ಇದು ಜಾಸ್ತಿ. ಮೇಲೆ ಹೋಗಬೇಡಿ. ಕಡಿಮೆಯಾಗದಿದ್ದರೆ ಅಥವಾ ನಡಿಗೆ ತಡವರಿಸಿದರೆ, ಉಸಿರು ಕಟ್ಟಿದರೆ, ಗಂಡು ಎಷ್ಟೇ ಚೆನ್ನಾಗಿ ಉತ್ತರ ಕೊಡುತ್ತಿರಲಿ, ಆಗಲೇ ಕೆಳಗಿಳಿದು ವೈದ್ಯರನ್ನು ಕಾಣಿ. ಮಧ್ಯಾಹ್ನ ಗುಡುಗು ಕೇಳಿದರೆ ಬೋಳು ಶಿಖರ ಬಿಟ್ಟು ಇಳಿಯಿರಿ.

ಹಲವು ಕಣಿವೆಗಳಲ್ಲಿ ಫೋನ್ ಸಿಗ್ನಲ್ ಇರುವುದಿಲ್ಲ. ಸ್ಯಾಟಲೈಟ್ ಮೆಸೆಂಜರ್ ಇಟ್ಟುಕೊಳ್ಳಿ. ಯಾವ ಕಣಿವೆಗೆ ಹೋಗುತ್ತೀರಿ, ಎಷ್ಟು ಗಂಟೆಗೆ ವಾಪಸ್ ಬರುತ್ತೀರಿ ಎಂದು ಮನೆಯಲ್ಲಿ ಬರೆದಿಟ್ಟು ಹೊರಡಿ. ಕೊಲೊರಾಡೊದ ಬೇಟೆ ಲೈಸೆನ್ಸ್ ಹಣದಲ್ಲಿ ಒಂದು ಚಿಕ್ಕ ಪಾಲು ಹುಡುಕಾಟ ಮತ್ತು ರಕ್ಷಣಾ ತಂಡಗಳ ನಿಧಿಗೆ ಹೋಗುತ್ತದೆ. ಕಾಲು ಮುರಿದೋ ದಾರಿ ತಪ್ಪಿಯೋ ಸಿಕ್ಕಿಹಾಕಿಕೊಂಡರೆ ಸಂಕೋಚ ಪಡದೆ ಕತ್ತಲಾಗುವ ಮೊದಲೇ ಅವರನ್ನು ಕರೆಯಿರಿ.